ಹಂಪಿಗೆ ಹೊರಟೀರಾ? ಆಟೋ ಹತ್ತೋ ಮೊದಲು ಈ ಲೆಕ್ಕ ನೋಡ್ಕೊಳ್ಳಿ

ಮೇಡ್ಲೇರಿ (ರಾಣೇಬೆನ್ನೂರು ತಾ.): ಪೀಕು ಮಾರಿ ಕೈಯಲ್ಲಿ ನಾಲ್ಕು ದುಡ್ಡು ಆಡುವ ಹೊತ್ತು, ಇಲ್ಲವೇ ಮಕ್ಕಳಿಗೆ ರಜೆ ಬಿದ್ದ ವಾರ, ಈ ಭಾಗದ ಮನೆಗಳಲ್ಲಿ ಏಳುವ ಮಾತು ಒಂದೇ: "ಒಂದಿನ ಹಂಪಿಗೆ ಹೋಗಿ ಬರೂಣೇನು?" ರಾಣೇಬೆನ್ನೂರು ತಾಲೂಕಿನ ಅಂಚಿಗೆ ಹರಿಯುವ ತುಂಗಭದ್ರೆಯೇ ಮುಂದೆ ಹೋಗಿ ವಿರೂಪಾಕ್ಷ ದೇವಸ್ಥಾನದ ಪಕ್ಕ ಹರಿಯುತ್ತದೆ. ದೂರವೂ ಬಹಳ ಅಲ್ಲ. ಬೆಳಗ್ಗೆ ಬೇಗ ಹೊರಟರೆ ಒಂದು ರಾತ್ರಿ ಉಳಿದು ಮರುದಿನ ಊರು ಸೇರಬಹುದು.

ಆದರೆ ಹೋಗಿ ಬಂದವರನ್ನು ಕೇಳಿದರೆ ಕಲ್ಲಿನ ರಥದ ಮಾತು ಎರಡು ನಿಮಿಷ, ಆಟೋದ ಮಾತು ಹತ್ತು ನಿಮಿಷ. "ಎಲ್ಲಾ ಛಲೋ ಐತಿ, ಆದ್ರ ಆಟೋಕ್ಕ ಬಾಳ ಹೋತು" ಅನ್ನೋದು ಸಾಮಾನ್ಯ ದೂರು. ದಿನಗೂಲಿ ಮಾಡೋರಿಗೆ, ವಾರಕ್ಕೊಮ್ಮೆ ಅಂಗಡಿ ಬಾಗಿಲು ಹಾಕಿ ಹೋಗೋರಿಗೆ ಐನೂರು ರೂಪಾಯಿ ಹೆಚ್ಚಿಗೆ ಹೋಯಿತು ಅಂದರೆ ಸಣ್ಣ ಮಾತಲ್ಲ. ಅದು ಮಕ್ಕಳ ಊಟದ ದುಡ್ಡು, ಇಲ್ಲವೇ ವಯಸ್ಸಾದ ತಾಯಿಯನ್ನು ಇನ್ನೊಂದು ಕಡೆ ಕರಕೊಂಡು ಹೋಗಬಹುದಾಗಿದ್ದ ದುಡ್ಡು. ದುಡ್ಡಿಗಿಂತ ಹೆಚ್ಚಾಗಿ ಮೋಸ ಹೋದೆವು ಅನ್ನೋ ಬೇಸರ ಮನಸ್ಸಲ್ಲಿ ಉಳಿಯುತ್ತದೆ.

ಹೆಚ್ಚು ಹಣ ಹೋಗೋದು ಚೌಕಾಶಿ ಮಾಡಲು ಬಾರದ್ದಕ್ಕೆ ಅಂತ ಬಹಳ ಜನ ತಿಳಿದಿದ್ದಾರೆ. ನಿಜವಾದ ಕಾರಣ ಬೇರೆ. ಯಾವ ಜಾಗ ಎಲ್ಲಿದೆ, ಎಲ್ಲಿಂದ ಎಲ್ಲಿಗೆ ನಡೆಯಬಹುದು, ಎಲ್ಲಿ ಗಾಡಿ ಬೇಕೇ ಬೇಕು ಅನ್ನೋದು ಗೊತ್ತಿಲ್ಲದೆ ಹೋಗಿ ಇಳಿದರೆ ಚಾಲಕ ಹೇಳಿದ್ದೇ ದಾರಿ, ಹೇಳಿದ್ದೇ ದರ. ದಾರಿ ಗೊತ್ತಿದ್ದವರಿಗೆ ಚೌಕಾಶಿಯೇ ಬೇಕಾಗಲ್ಲ.

ಹೊಸಪೇಟೆವರೆಗೆ ಹೆಣ್ಣುಮಕ್ಕಳಿಗೆ ಖರ್ಚಿಲ್ಲ

ಹಂಪಿಗೆ ಬಾಗಿಲು ಹೊಸಪೇಟೆ. 2021ರಲ್ಲಿ ಬಳ್ಳಾರಿ ಒಡೆದು ಆದ ವಿಜಯನಗರ ಜಿಲ್ಲೆಗೆ ಇದೇ ಜಿಲ್ಲಾ ಕೇಂದ್ರ. ರಾಣೇಬೆನ್ನೂರಿನಿಂದ ಹರಿಹರ, ಹರಪನಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಹೋಗಬಹುದು. ರೈಲು ಬೇಕು ಅನ್ನೋರು ಹುಬ್ಬಳ್ಳಿಗೆ ಹೋಗಿ ಗದಗ, ಕೊಪ್ಪಳ ದಾರಿಯ ರೈಲು ಹಿಡಿಯಬಹುದು.

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಇಲ್ಲಿ ದೊಡ್ಡ ಉಳಿತಾಯ. ರಾಜ್ಯದೊಳಗೆ ಓಡುವ ಸರ್ಕಾರಿ ಸಾಮಾನ್ಯ ಬಸ್ಸು, ವೇಗದೂತ ಬಸ್ಸುಗಳಲ್ಲಿ ಕರ್ನಾಟಕದ ಮಹಿಳೆಯರಿಗೆ ಟಿಕೆಟ್ ಇಲ್ಲ. ವಾಯವ್ಯ ಸಾರಿಗೆ ಬಸ್ಸು ಹತ್ತಿ, ನಡುವೆ ಕೆಎಸ್‌ಆರ್‌ಟಿಸಿ ಬಸ್ಸಿಗೆ ಬದಲಾಗಿ, ಕೊನೆಗೆ ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸಿನಲ್ಲಿ ಇಳಿದರೂ ಇದೇ ನಿಯಮ. ರಾಜ್ಯದ ವಿಳಾಸ ಇರುವ ಆಧಾರ್ ಅಥವಾ ಮತದಾರರ ಚೀಟಿ ಕೈಯಲ್ಲಿರಲಿ. ಕಂಡಕ್ಟರ್ ಕೊಡುವ ಶೂನ್ಯ ಟಿಕೆಟ್ ಕೇಳಿ ಪಡೆಯಿರಿ. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸಿಗೆ ಇದು ಅನ್ವಯಿಸಲ್ಲ.

ಇದನ್ನು ಇಲ್ಲಿ ಹೇಳೋದಕ್ಕೆ ಕಾರಣ ಇದೆ. ಊರಿಂದ ಹೊಸಪೇಟೆವರೆಗೆ ಶಕ್ತಿಯಲ್ಲಿ ಉಳಿಸಿದ ಹಣವನ್ನು ಹೊಸಪೇಟೆಯಲ್ಲಿ ಇಳಿದ ಐದೇ ನಿಮಿಷಕ್ಕೆ ಕಳಕೊಳ್ಳೋರು ಬಹಳ.

ಹೊಸಪೇಟೆಯಲ್ಲಿ ಇಳಿದ ಕೂಡಲೇ

ಬಸ್ ನಿಲ್ದಾಣದಲ್ಲಿ, ರೈಲ್ವೆ ಸ್ಟೇಷನ್ ಮುಂದೆ ಬ್ಯಾಗ್ ಹಿಡಿದು ಇಳಿದವರನ್ನು ಕಂಡರೆ ಆಟೋದವರು ಸುತ್ತುವರಿತಾರೆ. "ಬರ್ರಿ ಅಣ್ಣಾ, ಹಂಪಿ ಎಲ್ಲಾ ತೋರಿಸಿ ತಂದು ಬಿಡ್ತೀನಿ" ಅಂತಾರೆ. ಅದು ಅವರ ದುಡಿಮೆ, ಕರೆಯೋದು ತಪ್ಪಲ್ಲ. ಆದರೆ ಅಲ್ಲೇ ನಿಂತು ತಕ್ಷಣ ಹೂಂ ಅನ್ನಬೇಕಾಗಿಲ್ಲ.

ಹೊಸಪೇಟೆಯಿಂದ ಹಂಪಿ ಸುಮಾರು 13 ಕಿ.ಮೀ. ಹೊಸಪೇಟೆ ಬಸ್ ನಿಲ್ದಾಣದಿಂದ ಹಂಪಿಗೆ ಹಗಲಿಡೀ ಸರ್ಕಾರಿ ಬಸ್ಸು ಇವೆ. ಕಡ್ಡಿರಾಂಪುರ ಮೇಲೆ ಹೋಗುವವು ಕೆಲವು, ಕಮಲಾಪುರ ಮೇಲೆ ಹೋಗುವವು ಕೆಲವು. ಗಂಡಸರಿಗೆ ಟಿಕೆಟ್ ಎರಡಂಕಿ ದಾಟಲ್ಲ, ಹೆಣ್ಣುಮಕ್ಕಳಿಗೆ ಶಕ್ತಿಯೇ ಸಾಕು. "ಈಗ ಬಸ್ಸಿಲ್ರಿ, ಹೋಗಿಬಿಡ್ತು" ಅನ್ನೋ ಮಾತು ಕೇಳಿದರೆ ಹೇಳಿದವರನ್ನೇ ಮತ್ತೆ ಕೇಳಬೇಡಿ. ನಿಲ್ದಾಣದೊಳಗಿನ ಕಂಟ್ರೋಲರ್ ಹತ್ತಿರ ಹೋಗಿ ಕೇಳಿ. ಹಂಪಿಯಿಂದ ವಾಪಸ್ ಕೊನೇ ಬಸ್ಸು ಎಷ್ಟು ಗಂಟೆಗೆ ಅನ್ನೋದನ್ನೂ ಅಲ್ಲೇ ಕೇಳಿ ಬರೆದಿಟ್ಟುಕೊಳ್ಳಿ. ಸಂಜೆ ಹೊತ್ತು ಕೊನೇ ಬಸ್ಸು ತಪ್ಪಿದವರಿಗೆ ದರದ ಬಗ್ಗೆ ಮಾತಾಡೋ ಶಕ್ತಿ ಇರಲ್ಲ.

ರೈಲಿನಲ್ಲಿ ಬಂದವರು ಸ್ಟೇಷನ್‌ನಿಂದ ಹಂಪಿಗೇ ಆಟೋ ಹಿಡಿಯೋ ಬದಲು ಬಸ್ ನಿಲ್ದಾಣದವರೆಗೆ ಮಾತ್ರ ಹಿಡಿದರೆ ಸಾಕು.

ಹಂಪಿ ಅಂದರೆ ಮೂರು ಗುಂಪು

ಹಂಪಿ 1986ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಜಾಗ. ಗುಡಿ, ಮಂಟಪ, ಕೋಟೆ ಗೋಡೆಗಳು ಹತ್ತಾರು ಕಿಲೋಮೀಟರ್ ಹರಡಿವೆ. ಎಲ್ಲವನ್ನೂ ಒಂದೇ ದಿನ ನೋಡಕ್ಕಾಗಲ್ಲ. ಒಂದು ದಿನಕ್ಕೆ ಬಂದವರು ನೋಡುವ ಮುಖ್ಯ ಜಾಗಗಳನ್ನು ಮೂರು ಗುಂಪು ಮಾಡಿಕೊಂಡರೆ ತಲೆ ಹಗುರ.

ಮೊದಲನೇ ಗುಂಪು ವಿರೂಪಾಕ್ಷ ದೇವಸ್ಥಾನದ ಸುತ್ತ. ದೇವಸ್ಥಾನ, ಪಕ್ಕದ ಹೇಮಕೂಟ ಗುಡ್ಡ, ಕಡಲೆಕಾಳು ಗಣೇಶ, ಸಾಸಿವೆಕಾಳು ಗಣೇಶ, ಕೃಷ್ಣ ದೇವಸ್ಥಾನ, ಉಗ್ರ ನರಸಿಂಹ, ಬಡವಿಲಿಂಗ. ಇವೆಲ್ಲ ಒಂದರ ಹಿಂದೆ ಒಂದು. ನಿಧಾನಕ್ಕೆ ನಡಕೊಂಡೇ ಮುಗಿಸಬಹುದು. ಇಲ್ಲಿ ಆಟೋ ಬೇಡವೇ ಬೇಡ.

ಎರಡನೇ ಗುಂಪು ವಿಜಯ ವಿಠ್ಠಲ ದೇವಸ್ಥಾನ. 50 ರೂಪಾಯಿ ನೋಟಿನ ಮೇಲಿರುವ ಕಲ್ಲಿನ ರಥ ಇಲ್ಲೇ ಇದೆ.

ಮೂರನೇ ಗುಂಪು ಕಮಲಾಪುರದ ಕಡೆ ಇರುವ ರಾಜರ ಆವರಣ. ಮಹಾನವಮಿ ದಿಬ್ಬ, ಹಜಾರ ರಾಮ ದೇವಸ್ಥಾನ, ಕಮಲ ಮಹಲ್, ಆನೆ ಲಾಯ, ರಾಣಿಯರ ಸ್ನಾನಗೃಹ. ಇವೂ ಒಂದಕ್ಕೊಂದು ಹತ್ತಿರವೇ. ಕಮಲಾಪುರ ಊರೊಳಗೆ ಪುರಾತತ್ವ ವಸ್ತು ಸಂಗ್ರಹಾಲಯ ಇದೆ, ಅದಕ್ಕೆ ಶುಕ್ರವಾರ ರಜೆ.

ಗಾಡಿ ಬೇಕಾಗೋದು ಗುಂಪಿನ ಒಳಗಲ್ಲ, ಗುಂಪಿನಿಂದ ಗುಂಪಿಗೆ ಹೋಗಲು. ಇದೊಂದು ತಲೆಯಲ್ಲಿದ್ದರೆ "20 ಪಾಯಿಂಟ್ ತೋರಿಸ್ತೀನಿ" ಅನ್ನೋ ಮಾತಿಗೆ ಮರುಳಾಗಲ್ಲ. ಕಡಲೆಕಾಳು ಗಣೇಶ ಒಂದು ಪಾಯಿಂಟ್, ಕೂಗಳತೆಯಲ್ಲಿರುವ ಸಾಸಿವೆಕಾಳು ಗಣೇಶ ಇನ್ನೊಂದು ಪಾಯಿಂಟ್ ಅಂತ ಎಣಿಸಿದರೆ ಇಪ್ಪತ್ತೇನು, ಮೂವತ್ತೂ ಆಗುತ್ತದೆ. ಆಟೋ ಮಾತ್ರ ಒಂದೇ ಕಡೆ ನಿಂತಿರುತ್ತದೆ.

ಟಿಕೆಟ್ ವಿಷಯದಲ್ಲೂ ಗೊಂದಲ ಇದೆ. ಮೇಲಿನ ಜಾಗಗಳಲ್ಲಿ ಹೆಚ್ಚಿನವಕ್ಕೆ ಪುರಾತತ್ವ ಇಲಾಖೆ ಟಿಕೆಟ್ಟೇ ಇಲ್ಲ. ವಿಠ್ಠಲ ದೇವಸ್ಥಾನ, ಕಮಲ ಮಹಲ್–ಆನೆ ಲಾಯದ ಆವರಣ, ಕಮಲಾಪುರದ ವಸ್ತು ಸಂಗ್ರಹಾಲಯ, ಈ ಮೂರಕ್ಕೂ ಸೇರಿ ಒಂದೇ ಟಿಕೆಟ್. ಭಾರತೀಯರಿಗೆ 40 ರೂಪಾಯಿ, ಆನ್‌ಲೈನ್‌ನಲ್ಲಿ ತೆಗೆದರೆ 35. ಅದೇ ದಿನ ಮಾತ್ರ ನಡೆಯುತ್ತದೆ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಒಂದು ಕಡೆ ತೆಗೆದ ಚೀಟಿ ಬಿಸಾಡಿದರೆ ಇನ್ನೊಂದು ಕಡೆ ಮತ್ತೆ ತೆಗೆಯಬೇಕಾಗುತ್ತದೆ. "ಎಂಟ್ರಿ ಟಿಕೆಟ್ ಎಲ್ಲಾ ನಮ್ಮ ರೇಟಿನಾಗ ಸೇರೈತಿ" ಅಂತ ಯಾರಾದರೂ ಹೇಳಿದರೆ ಈ ಅಂಕಿ ನೆನಪಿರಲಿ.

ರಸ್ತೆಯಲ್ಲಿ 9 ಕಿ.ಮೀ., ಕಾಲುದಾರಿಯಲ್ಲಿ 2 ಕಿ.ಮೀ.

ಹಂಪಿಯಲ್ಲಿ ಹೆಚ್ಚು ಹಣ ಕೇಳೋದು ವಿರೂಪಾಕ್ಷ ದೇವಸ್ಥಾನದಿಂದ ವಿಠ್ಠಲ ದೇವಸ್ಥಾನಕ್ಕೆ. ನಡುವೆ ಬಂಡೆಗಲ್ಲಿನ ಗುಡ್ಡ ಇರುವುದರಿಂದ ಗಾಡಿ ಕಮಲಾಪುರದ ಕಡೆ ಸುತ್ತಿ ಬರಬೇಕು. ರಸ್ತೆ ಸುಮಾರು 9 ಕಿ.ಮೀ. ಆಗುತ್ತದೆ. ಚಾಲಕ "ಬಾಳ ದೂರ ಐತ್ರಿ" ಅನ್ನೋದು ಸುಳ್ಳಲ್ಲ.

ಆದರೆ ನಡಕೊಂಡು ಹೋಗೋರಿಗೆ ಬೇರೆ ದಾರಿ ಇದೆ. ವಿರೂಪಾಕ್ಷ ಬಜಾರಿನ ಕೊನೆಯಿಂದ ಹೊಳೆ ದಂಡೆ ಹಿಡಿದು, ಕೋದಂಡರಾಮ ದೇವಸ್ಥಾನ ದಾಟಿ ಹೋದರೆ ವಿಠ್ಠಲ ದೇವಸ್ಥಾನ ಹೆಚ್ಚು ಕಡಿಮೆ 2 ಕಿ.ಮೀ. ಮುಕ್ಕಾಲು ತಾಸಿನ ನಡಿಗೆ. ದಾರಿಯಲ್ಲೇ ಅಚ್ಯುತರಾಯ ದೇವಸ್ಥಾನದ ಕಡೆ ತಿರುಗಬಹುದು, ರಾಜರ ತುಲಾಭಾರದ ಕಲ್ಲು ಕಮಾನೂ ಸಿಗುತ್ತದೆ. ಆಟೋದಲ್ಲಿ ಸುತ್ತಿ ಹೋದವರಿಗೆ ಇವು ಕಾಣುವುದೇ ಇಲ್ಲ.

ಈ ದಾರಿ ಎಲ್ಲರಿಗೂ ಅಲ್ಲ. ಮೊಣಕಾಲು ನೋವಿರೋರು, ಎಳೆ ಮಕ್ಕಳನ್ನು ಎತ್ತಿಕೊಂಡಿರೋರು ಹೋಗಬಾರದು. ಮೆಟ್ಟಿಲು ಮೇಲೆ ಕೆಳಗೆ ಇವೆ. ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟಾಗ ಹೊಳೆ ದಂಡೆಯ ಕೆಲವು ಕಡೆ ನೀರು ಏರುತ್ತದೆ. ಬೇಸಿಗೆಯ ಮಧ್ಯಾಹ್ನ ಬಂಡೆ ಕಾದು ಕೆಂಡವಾಗಿರುತ್ತದೆ. ಬೆಳಗ್ಗೆ ಹೋಗಿ, ನೀರು ತಗೊಂಡು ಹೋಗಿ, ಕತ್ತಲಾದ ಮೇಲೆ ಆ ಕಡೆ ಹೋಗಬೇಡಿ.

ವಿಠ್ಠಲ ದೇವಸ್ಥಾನದ ಹತ್ತಿರಕ್ಕೆ ಆಟೋ, ಕಾರು ಯಾವುದನ್ನೂ ಬಿಡಲ್ಲ. ಗೆಜ್ಜಲ ಮಂಟಪದ ಹತ್ತಿರ ನಿಲ್ಲಿಸಿ ಅಲ್ಲಿಂದ ಸುಮಾರು ಒಂದು ಕಿ.ಮೀ. ಬ್ಯಾಟರಿ ಗಾಡಿಯಲ್ಲಿ ಹೋಗಬೇಕು, ಇಲ್ಲವೇ ನಡೀಬೇಕು. ಬ್ಯಾಟರಿ ಗಾಡಿಗೆ ಕೌಂಟರಿನಲ್ಲಿ ಟಿಕೆಟ್ ಕೊಡ್ತಾರೆ. ಅದರ ಹಣ ಆಟೋ ಬಾಡಿಗೆಯಲ್ಲಿ ಸೇರಿರಲ್ಲ. "ದೇವಸ್ಥಾನದ ಬಾಗಿಲಿಗೇ ಬಿಡ್ತೀನಿ" ಅಂತ ಯಾರಾದರೂ ಹೇಳಿದರೆ ಅದು ಆಗದ ಮಾತು. ಶನಿವಾರ, ಭಾನುವಾರ ಬ್ಯಾಟರಿ ಗಾಡಿಗೆ ಉದ್ದ ಸಾಲು ಇರುತ್ತದೆ. ನಡೆಯೋ ಶಕ್ತಿ ಇದ್ದವರು ಸಾಲಿನಲ್ಲಿ ನಿಲ್ಲೋ ಹೊತ್ತಿಗೆ ಮುಟ್ಟಿರ್ತಾರೆ.

ಒಂದೇ ತುಂಡು ದಾರಿಗೆ ಆಟೋ ಸಾಕು

ಮೇಲಿನದನ್ನೆಲ್ಲ ಸೇರಿಸಿದರೆ ಒಂದು ದಿನದ ಲೆಕ್ಕ ಹೀಗೆ ಕೂಡುತ್ತದೆ.

ಬೆಳಗ್ಗೆ ಹೊಸಪೇಟೆಯಿಂದ ಬಸ್ಸಿನಲ್ಲಿ ಹಂಪಿ. ಮೊದಲನೇ ಗುಂಪು ನಡಕೊಂಡು. ಹೊಳೆ ದಂಡೆ ಹಿಡಿದು ವಿಠ್ಠಲ ದೇವಸ್ಥಾನ, ಅಲ್ಲೇ 40 ರೂಪಾಯಿ ಟಿಕೆಟ್. ಬ್ಯಾಟರಿ ಗಾಡಿಯಲ್ಲಿ ಗೆಜ್ಜಲ ಮಂಟಪ. ಅಲ್ಲಿಂದ ಮಹಾನವಮಿ ದಿಬ್ಬದವರೆಗೆ ಮಾತ್ರ ಆಟೋ. ಮೂರನೇ ಗುಂಪು ನಡಕೊಂಡು, ಅದೇ ಟಿಕೆಟ್ ತೋರಿಸಿ. ಕೊನೆಗೆ ಕಮಲಾಪುರದಿಂದ ಹೊಸಪೇಟೆಗೆ ಬಸ್ಸು.

ಇಡೀ ದಿನದಲ್ಲಿ ಆಟೋ ಬೇಕಾದದ್ದು ಆರೇಳು ಕಿಲೋಮೀಟರಿಗೆ. ಗಟ್ಟಿಮುಟ್ಟಾಗಿರೋರು, ಕಾಲೇಜು ಹುಡುಗರು ಹೀಗೆ ಹೋಗಬಹುದು. ಸೈಕಲ್ ಬಾಡಿಗೆಗೆ ಹಿಡಿದರೆ ಅದೂ ಬೇಡ.

ಅಜ್ಜ ಅಜ್ಜಿ, ಸಣ್ಣ ಮಕ್ಕಳು ಜೊತೆಗಿದ್ದರೆ ಲೆಕ್ಕ ಬೇರೆ. ಅವರಿಗೆ ಇಡೀ ದಿನಕ್ಕೆ ಆಟೋ ಮಾತಾಡೋದೇ ಸರಿ. ಅದು ದುಂದು ಅಲ್ಲ. ದರ ಮಾತ್ರ ಗೊತ್ತಿರಬೇಕು.

ಹಾಗಾದ್ರೆ ನ್ಯಾಯವಾದ ದರ ಎಷ್ಟು?

ಆಟೋ ದರ ನಿಗದಿ ಮಾಡೋ ಅಧಿಕಾರ ಆಯಾ ಜಿಲ್ಲೆಯ ಸಾರಿಗೆ ಪ್ರಾಧಿಕಾರಕ್ಕಿದೆ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಆದರೆ ಪ್ರವಾಸಿ ಊರುಗಳಲ್ಲಿ ಮೀಟರ್ ಹಾಕಿ ಓಡಿಸೋದು ಅಪರೂಪ, ಎಲ್ಲಾ ಬಾಯಿಮಾತಿನ ದರವೇ.

ಬಾಯಿಮಾತಿನ ದರ ಸರಿಯೋ ತಪ್ಪೋ ಅಂತ ತೂಗಲು ಒಂದು ತಕ್ಕಡಿ ಬೇಕು. ಬೆಂಗಳೂರಿನ ಮೀಟರ್ ದರವನ್ನೇ ತಗೊಳ್ಳಬಹುದು. 2025ರ ಆಗಸ್ಟ್ 1ರಿಂದ ಅಲ್ಲಿ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18 ರೂಪಾಯಿ. ಕಾಯೋದಕ್ಕೆ ಮೊದಲ 5 ನಿಮಿಷ ಬಿಟ್ಟು ಪ್ರತಿ 15 ನಿಮಿಷಕ್ಕೆ 10 ರೂಪಾಯಿ. ರಾತ್ರಿ 10ರಿಂದ ಬೆಳಗಿನ 5ರವರೆಗೆ ಒಂದೂವರೆ ಪಟ್ಟು.

ಈ ತಕ್ಕಡಿಯಲ್ಲಿ ಹಂಪಿ ದಾರಿ ತೂಗಿದರೆ:

ಹೊಸಪೇಟೆಯಿಂದ ಹಂಪಿ 13 ಕಿ.ಮೀ.: 36 ಮತ್ತು 11 ಕಿ.ಮೀ.ಗೆ 198. ಒಟ್ಟು 234 ರೂಪಾಯಿ.

ಗೆಜ್ಜಲ ಮಂಟಪದಿಂದ ಮಹಾನವಮಿ ದಿಬ್ಬ ಕಡೆಗೆ, 7 ಕಿ.ಮೀ. ಅಂತ ಹಿಡಿದರೂ: 36 ಮತ್ತು 90. ಒಟ್ಟು 126 ರೂಪಾಯಿ.

ಇಡೀ ದಿನ, ಹೊಸಪೇಟೆಯಿಂದ ಹೊರಟು ಮೂರೂ ಗುಂಪು ತೋರಿಸಿ ವಾಪಸ್ ಹೊಸಪೇಟೆಗೆ, ಹೋಗಿ ಬರೋ 26 ಕಿ.ಮೀ., ಒಳಗೆ ಸುತ್ತೋದು 20 ಕಿ.ಮೀ., ಒಟ್ಟು 46 ಕಿ.ಮೀ. ಅಂತ ಹಿಡಿದರೆ: ಓಡಿದ್ದಕ್ಕೆ 828, ಐದು ತಾಸು ಕಾದಿದ್ದಕ್ಕೆ ಸುಮಾರು 200. ಒಟ್ಟು 1,030ರ ಆಸುಪಾಸು.

ಇದು ಹಂಪಿಯ ಸರ್ಕಾರಿ ದರ ಅಲ್ಲ. "ಬೆಂಗಳೂರಾಗ ಇಷ್ಟೈತಿ, ನೀವೂ ಇಷ್ಟಕ್ಕೇ ಬರ್ರಿ" ಅಂತ ಜಗಳ ತೆಗೆಯೋಕೂ ಅಲ್ಲ. ಖಾಲಿ ವಾಪಸ್ ಬರಬೇಕಾದ ಆಟೋದವ ಸ್ವಲ್ಪ ಹೆಚ್ಚು ಕೇಳೋದು ಸಹಜ. ಹಬ್ಬ, ಉತ್ಸವ, ಸಾಲು ರಜೆ ಇದ್ದಾಗ ಇನ್ನಷ್ಟು ಏರುತ್ತದೆ. ಆದರೆ ತಕ್ಕಡಿ ಗೊತ್ತಿದ್ದರೆ, ಕೇಳಿದ್ದು ಸ್ವಲ್ಪ ಹೆಚ್ಚೋ ಎರಡು ಪಟ್ಟೋ ಅನ್ನೋದು ಅಲ್ಲೇ ನಿಂತು ತಿಳಿಯುತ್ತದೆ. ಮೇಡ್ಲೇರಿ ಸಂತೆಗೆ ಹೋಗೋ ಮೊದಲು ರಾಣೇಬೆನ್ನೂರಿನ ರೇಟು ಕೇಳಿಕೊಂಡು ಹೋದ ಹಾಗೆ ಇದು.

ಹತ್ತೋ ಮೊದಲು ಐದು ಪ್ರಶ್ನೆ

1. ಈ ದರ ಇಡೀ ಆಟೋಕ್ಕೋ, ತಲೆಗೋ? "ಇನ್ನೂರು" ಅಂತ ಕೇಳಿ ಹತ್ತಿ, ಇಳಿಯುವಾಗ "ತಲಾ ಇನ್ನೂರ್ರಿ" ಅನ್ನಿಸಿಕೊಂಡವರು ಕಡಿಮೆ ಇಲ್ಲ.

2. ಹೋಗೋದಕ್ಕೆ ಮಾತ್ರವೋ, ಹೋಗಿ ಬರೋದಕ್ಕೋ?

3. ಯಾವ ಯಾವ ಜಾಗ? ಹೆಸರು ಹೇಳಿಸಿ. "ಎಲ್ಲಾ ತೋರಿಸ್ತೀನಿ" ಅನ್ನೋದು ಉತ್ತರ ಅಲ್ಲ. ವಿಠ್ಠಲ ದೇವಸ್ಥಾನ ಸೇರಿದೆಯೋ ಇಲ್ಲವೋ ಅನ್ನೋದನ್ನು ಬೇರೆಯಾಗಿಯೇ ಕೇಳಿ.

4. ಎಷ್ಟು ಗಂಟೆವರೆಗೆ? ಕಾಯೋದಕ್ಕೆ ಬೇರೆ ಹಣ ಇದೆಯೋ?

5. ಪಾರ್ಕಿಂಗ್ ಯಾರು ಕೊಡಬೇಕು?

ಐದಕ್ಕೂ ಉತ್ತರ ಸಿಕ್ಕ ಮೇಲೆ ಒಟ್ಟು ಮೊತ್ತವನ್ನು ನೀವೇ ಒಮ್ಮೆ ಜೋರಾಗಿ ಹೇಳಿ: "ಅಣ್ಣಾರ, ಇಡೀ ಆಟೋಕ್ಕ ಇಷ್ಟು, ವಿಠ್ಠಲ ಗುಡಿ ಸೇರಿ, ಸಂಜಿ ಐದರ ತನಕ, ವಾಪಸ್ ಹೊಸಪೇಟಿ ಬಸ್ ಸ್ಟ್ಯಾಂಡಿಗೆ. ಹೌದಲ್ರಿ?" ಜೊತೆಗಿದ್ದವರೂ ಕೇಳಿಸಿಕೊಳ್ಳಲಿ. ಆಟೋದ ನಂಬರ್ ಪ್ಲೇಟಿನ ಫೋಟೋ ತೆಗೆದು ಮನೆಯವರಿಗೆ ಕಳಿಸಿ. ಅನುಮಾನದಿಂದಲ್ಲ, ಬ್ಯಾಗು ಮರೆತರೂ ಅದೇ ಕೆಲಸಕ್ಕೆ ಬರುತ್ತದೆ. ಹಣ ಮೊದಲೇ ಪೂರ್ತಿ ಕೊಡಬೇಡಿ. ಡೀಸೆಲ್‌ಗೋ ಗ್ಯಾಸಿಗೋ ಬೇಕು ಅಂದರೆ ಸ್ವಲ್ಪ ಕೊಟ್ಟು ಉಳಿದದ್ದು ಇಳಿದ ಮೇಲೆ.

ಆಟೋ ಪರ್ಮಿಟ್ ಇರೋದು ಚಾಲಕನ ಬಿಟ್ಟು ಮೂವರಿಗೆ. ಆರು ಮಂದಿ ಒಂದೇ ಆಟೋದಲ್ಲಿ ತುಂಬಿಕೊಂಡು ಉಳಿಸಿದೆವು ಅನ್ನೋದು ಉಳಿತಾಯವಲ್ಲ, ಅಪಾಯ. ದೊಡ್ಡ ಕುಟುಂಬ ಇದ್ದರೆ ದೊಡ್ಡ ಗಾಡಿ ಮಾತಾಡೋದು ಒಳ್ಳೇದು.

ಈ ಮಾತು ಕೇಳಿದ್ರೆ ಹುಷಾರ್

"ನಿಮ್ಮ ಮನಸ್ಸಿಗೆ ಬಂದಷ್ಟು ಕೊಡ್ರಿ." ಇಡೀ ಪ್ರವಾಸದಲ್ಲಿ ಅತಿ ತುಟ್ಟಿ ಬೀಳೋ ಮಾತು ಇದು. ಇಳಿದ ಮೇಲೆ ನಿಮ್ಮ ಮನಸ್ಸಿಗೆ ಬಂದಷ್ಟು ಅವರ ಮನಸ್ಸಿಗೆ ಬರಲ್ಲ. ಹತ್ತೋ ಮೊದಲೇ ಅಂಕಿ ಹೇಳಿಸಿ.

"ಅದು ಇವತ್ತು ಬಂದ್ ಐತ್ರಿ." ನಿಜವಿರಬಹುದು, ಇಲ್ಲದೇ ಇರಬಹುದು. ಟಿಕೆಟ್ ಕೌಂಟರಿನಲ್ಲಿ ಕೇಳಿ, ಇಲ್ಲವೇ ಅಲ್ಲಿಂದ ಬರುತ್ತಿರೋ ಬೇರೆ ಪ್ರವಾಸಿಗಳನ್ನು ಕೇಳಿ.

"ಬರೋ ದಾರ್‍ಯಾಗ ಒಂದು ಅಂಗಡಿ ಐತಿ, ಸುಮ್ಮನ ನೋಡ್ರಿ." ಗಿರಾಕಿ ಕರೆತಂದವರಿಗೆ ಕಮಿಷನ್ ಕೊಡೋ ವ್ಯವಹಾರ ಅಂಗಡಿಕಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಕಮಿಷನ್ ಕೊನೆಗೆ ಸೇರೋದು ಮಾಲಿನ ಬೆಲೆಗೇ. ಹೊಟೇಲು, ಲಾಡ್ಜಿಗೂ ಇದೇ ಲೆಕ್ಕ. ಬೇಡ ಅಂದರೆ "ಬ್ಯಾಡ್ರಿ, ಸೀದಾ ಹೋಗೂಣ" ಅಂತ ನಗುತ್ತಾ ಹೇಳಿದರೆ ಮುಗೀತು.

ತೆಪ್ಪ, ಬಾಡಿಗೆ ಬೈಕು, ಗೈಡು

ಹೊಳೆಯಲ್ಲಿ ತೆಪ್ಪದ ಸವಾರಿ ಮಕ್ಕಳಿಗೆ ಬಹಳ ಇಷ್ಟ. ಇಲ್ಲೂ ತಲೆಗೋ ತೆಪ್ಪಕ್ಕೋ, ಎಷ್ಟು ಹೊತ್ತು, ಹೋಗಿ ಬರೋದೋ ಅನ್ನೋದು ಮೊದಲೇ ಕೇಳಬೇಕು. ದರಕ್ಕಿಂತ ಮೊದಲು ನೋಡಬೇಕಾದ್ದು ಲೈಫ್ ಜಾಕೆಟ್. ಅದಿಲ್ಲದ ತೆಪ್ಪ ಪುಕ್ಕಟೆ ಕರೆದರೂ ಹತ್ತಬೇಡಿ. ಜಲಾಶಯದಿಂದ ನೀರು ಬಿಟ್ಟಿದ್ದರೆ ಹೊಳೆಗೆ ಇಳಿಯೋ ಮಾತೇ ಬೇಡ. ಹೊಳೆ ದಂಡೆ ಊರಿನವರಿಗೆ ತುಂಗಭದ್ರೆಯ ಸೆಳವು ಹೊಸದಲ್ಲ.

ಬೈಕ್ ಬಾಡಿಗೆಗೆ ತಗೊಳ್ಳೋರು ನಂಬರ್ ಪ್ಲೇಟ್ ನೋಡಿ. ಬಾಡಿಗೆಗೆ ಅನುಮತಿ ಇರುವ ಬೈಕಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುತ್ತದೆ. ಬಿಳಿ ಪ್ಲೇಟಿನ ಖಾಸಗಿ ಬೈಕನ್ನು ಬಾಡಿಗೆಗೆ ಕೊಡುವಂತಿಲ್ಲ, ಅಪಘಾತವಾದರೆ ವಿಮೆಗೆ ತಕರಾರು ಬರುತ್ತದೆ. ತಗೊಳ್ಳುವಾಗ ಗಾಡಿಯ ನಾಲ್ಕೂ ಕಡೆ ಫೋಟೋ ತೆಗೆದಿಟ್ಟರೆ ವಾಪಸ್ ಕೊಡುವಾಗ "ಈ ಗೀರು ನೀವೇ ಮಾಡಿದ್ರಿ" ಅನ್ನೋ ಜಗಳ ಇರಲ್ಲ. ಒರಿಜಿನಲ್ ಆಧಾರ್ ಅಡ ಇಡಬೇಡಿ.

ಗೈಡ್ ಬೇಕಾದರೆ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಕೇಳಿ. ಚೀಟಿ ಇದ್ದವರು ಕೇಳಿದ್ದಕ್ಕೆ ಬೇಜಾರಾಗಲ್ಲ.

ಚಾಲಕರ ಕಡೆಯ ಲೆಕ್ಕವೂ ಇದೆ

ಎಲ್ಲಾ ಆಟೋದವರೂ ಮೋಸಗಾರರು ಅನ್ನೋದು ತಪ್ಪು. ಆಟೋ ಸಾಲದ ಕಂತು, ವಿಮೆ, ಎಫ್‌ಸಿ, ಇಂಧನ, ರಿಪೇರಿ ಎಲ್ಲಾ ಕಳೆದು ಉಳಿದದ್ದು ಮನೆಗೆ. ಸೀಸನ್ ಇದ್ದಾಗ ನಾಲ್ಕು ದಿನ ದುಡಿಮೆ, ಏಪ್ರಿಲ್–ಮೇ ಬಿಸಿಲಲ್ಲಿ ದಿನವಿಡೀ ಸ್ಟ್ಯಾಂಡಿನಲ್ಲಿ ಕಾಯೋದು. ದಿನಪೂರ್ತಿ ಬಿಸಿಲಲ್ಲಿ ನಿಮಗಾಗಿ ಕಾದು, ಅಜ್ಜಿಯ ಕೈ ಹಿಡಿದು ಇಳಿಸಿ, ಯಾವ ಗುಡಿಯಲ್ಲಿ ನೆರಳಿದೆ ಅಂತ ಹೇಳೋ ಚಾಲಕರೂ ಇದ್ದಾರೆ. ಅಂಥವರಿಗೆ ನ್ಯಾಯದ ದರದ ಮೇಲೆ ಐವತ್ತು ಹೆಚ್ಚು ಕೊಟ್ಟರೆ ಅದು ಮೋಸ ಹೋದದ್ದಲ್ಲ.

ತೀರಾ ಕಡಿಮೆಗೆ ಒಪ್ಪಿಸಿದರೂ ಗೆದ್ದ ಹಾಗಲ್ಲ. ಐನೂರಕ್ಕೆ ಇಡೀ ದಿನ ಒಪ್ಪಿದ ಆಟೋದವ ಎಲ್ಲಾ ಕಡೆ "ಲಗೂನ ಬರ್ರಿ" ಅಂತ ಅವಸರ ಮಾಡ್ತಾನೆ, ಇಲ್ಲವೇ ಕಮಿಷನ್ ಅಂಗಡಿಗೆ ಕರಕೊಂಡು ಹೋಗ್ತಾನೆ. ವ್ಯಾಪಾರ ಮಾಡೋರಿಗೆ ಇದು ಗೊತ್ತು: ಅಸಲಿಗಿಂತ ಕಡಿಮೆ ಮಾರಿದವ ತೂಕದಲ್ಲಿ ಹಿಡೀತಾನೆ.

ಹೆಚ್ಚಿಗೆ ಕಿತ್ತುಕೊಂಡ್ರೆ ಏನು ಮಾಡೋದು?

ಒಪ್ಪಿದ ದರಕ್ಕಿಂತ ಹೆಚ್ಚು ಕೇಳಿದರೆ ಮೊದಲು ಸಮಾಧಾನದಿಂದ ಮಾತು ನೆನಪಿಸಿ. ನಿರ್ಜನ ಜಾಗದಲ್ಲಿ ಜಗಳ ಬೇಡ, ಜನ ಇರೋ ಕಡೆ, ಬಸ್ ನಿಲ್ದಾಣದ ಹತ್ತಿರ ನಿಲ್ಲಿಸಿ ಮಾತಾಡಿ. ಹಂಪಿಯಲ್ಲೇ ಪೊಲೀಸ್ ಠಾಣೆ ಇದೆ. ಹೆದರಿಕೆ ಹಾಕಿದರೆ, ಬ್ಯಾಗ್ ಹಿಡಿದುಕೊಂಡರೆ, ದಾರಿ ತಪ್ಪಿಸಿದರೆ ತಕ್ಷಣ 112ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳು ಮಾತ್ರ ಇದ್ದಾಗ ಇದರಲ್ಲಿ ಸಂಕೋಚ ಬೇಡ.

ಹೆದರಿಕೆ ಇಲ್ಲ, ಹಣ ಮಾತ್ರ ಹೆಚ್ಚು ಹೋಗಿದೆ ಅಂದರೆ ಗಾಡಿ ನಂಬರ್, ದಿನ, ಹೊತ್ತು, ಎಲ್ಲಿಂದ ಎಲ್ಲಿಗೆ, ಎಷ್ಟು ಒಪ್ಪಿದ್ದು, ಎಷ್ಟು ಕೊಟ್ಟಿದ್ದು ಅಂತ ಬರೆದು ಆ ಜಿಲ್ಲೆಯ ಆರ್‌ಟಿಒ ಕಚೇರಿಗೆ ದೂರು ಕೊಡಬಹುದು. ಹಣ ಫೋನ್‌ಪೇ, ಗೂಗಲ್‌ಪೇಯಲ್ಲಿ ಕೊಟ್ಟಿದ್ದರೆ ಅದೇ ಸಾಕ್ಷಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಪ್ರವಾಸಿಗರ ಸಹಾಯವಾಣಿ 1363 ಸಹ ಇವೆ. 200 ರೂಪಾಯಿಗೆ ಯಾರು ಓಡಾಡ್ತಾರೆ ಅನ್ನೋದು ನಿಜ. ಆದರೆ ಒಂದೇ ನಂಬರಿನ ಮೇಲೆ ನಾಲ್ಕು ದೂರು ಬಿದ್ದರೆ ಕಚೇರಿಯವರೂ ಕೇಳಲೇಬೇಕಾಗುತ್ತದೆ.

ಬೇರೆ ಊರಿಗೂ ಇದೇ ದಾರಿ

ಬಾದಾಮಿಗೆ ಹೋದವರು ಪಟ್ಟದಕಲ್ಲು, ಐಹೊಳೆಗೆ ಆಟೋ ಮಾತಾಡೋ ಮೊದಲು ಬಸ್ಸಿನ ಹೊತ್ತು ಕೇಳಿಕೊಳ್ಳಿ. ಬಾದಾಮಿಯಿಂದ ಪಟ್ಟದಕಲ್ಲು ಸುಮಾರು 22 ಕಿ.ಮೀ., ಎರಡೂ ಜಾಗ ಒಂದೇ ದಿಕ್ಕಿಗಿವೆ, ಒಟ್ಟಿಗೆ ಮಾತಾಡಿದರೆ ಅಗ್ಗ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟಕ್ಕೆ ಸಿಟಿ ಬಸ್ ನಿಲ್ದಾಣದಿಂದ 201 ನಂಬರ್ ಬಸ್ಸಿದೆ. ವಿಜಯಪುರದ ಟಾಂಗಾ ಹತ್ತೋರು ಎಷ್ಟು ಜಾಗ, ಎಷ್ಟು ಹೊತ್ತು ಅನ್ನೋದನ್ನು ಮೊದಲೇ ಮಾತಾಡಿ. ಬೆಂಗಳೂರಿನಲ್ಲಿ ಮೀಟರ್ ಹಾಕಿಸಿ, ಇಲ್ಲವೇ ಆ್ಯಪ್‌ನಲ್ಲಿ ದರ ನೋಡಿ ಹತ್ತಿ. ಊರು ಬದಲಾದರೂ ಕ್ರಮ ಅದೇ: ಮೊದಲು ಬಸ್ಸು ಕೇಳು, ಆಮೇಲೆ ನಕ್ಷೆ ನೋಡು, ಕೊನೆಗೆ ಆಟೋ ಮಾತಾಡು.

ಇದರ ಇನ್ನೊಂದು ಮಗ್ಗಲೂ ಇದೆ. ಚೌಡಯ್ಯದಾನಪುರದ ಮುಕ್ತೇಶ್ವರ ಗುಡಿ ನೋಡಲು, ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೆ, ಕಾಗಿನೆಲೆಗೆ, ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಹೊರಗಿನವರು ಬರ್ತಾರೆ. ಅವರೂ ರೈಲ್ವೆ ಸ್ಟೇಷನ್ ಮುಂದೆ ಬ್ಯಾಗ್ ಹಿಡಿದು ಇಳಿಯೋರೇ, ಅವರಿಗೂ ದಾರಿ ಗೊತ್ತಿರಲ್ಲ. ಸ್ಟ್ಯಾಂಡಿನ ಪಕ್ಕದ ಚಹಾ ಅಂಗಡಿಯವರನ್ನು ಬಂದು ಕೇಳ್ತಾರೆ, "ಇಲ್ಲಿಂದ ಅಲ್ಲಿಗೆ ಎಷ್ಟಾಗ್ತದ್ರಿ?" ಅಂತ. ಅವರಿಗೆ ಸರಿಯಾದ ದರ ಹೇಳಿ, ಬಸ್ಸು ಎಷ್ಟು ಹೊತ್ತಿಗಿದೆ ಅನ್ನೋದನ್ನೂ ಹೇಳಿ ಕಳಿಸಿದರೆ ಆ ಅಂಗಡಿಗೇ ವಾಪಸ್ ಬಂದು ಚಹಾ ಕುಡೀತಾರೆ.